ಸಣ್ಣಕ್ಷರದ ಪೂರ್ವಪಕ್ಷ

ದೆವ್ವವನ್ನು ನಾನು ನಂಬುವುದಿಲ್ಲ. ನಂಬುವವರ ಜೊತೆ ವಾದ ಮಾಡಿ ಗೆದ್ದಿದ್ದೇನೆ. ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ದೊಡ್ಡಮ್ಮ ಇದೇ ವಿಷಯಕ್ಕೆ ನನ್ನ ಜೊತೆ ಮಾತು ಬಿಟ್ಟು, ಹಬ್ಬ ಬಂತೆಂದು ಮತ್ತೆ ಮಾತಾಡಿಸಿದ್ದೂ ಉಂಟು. ನೋಡಿದವರು ಯಾರು, ಅವರನ್ನು ಪಾಟೀಸವಾಲು ಮಾಡಿದ್ದೀರಾ ಎಂದು ಕೇಳಿದರೆ ಯಾವ ದೆವ್ವವೂ ನಿಲ್ಲುವುದಿಲ್ಲ. ಆದರೆ ಸತ್ತ ಮನುಷ್ಯರೊಬ್ಬರು, ಬದುಕಿದ್ದಾಗ ಯಾವ ಮಾತಿನ ವಿರುದ್ಧ ನಿಂತಿದ್ದರೋ ಅದೇ ಮಾತನ್ನು ತಮ್ಮದೇ ಹೆಸರಿನಲ್ಲಿ ಹೇಳುತ್ತಾ ಹೋದರೆ ಅದನ್ನು ಏನೆಂದು ಕರೆಯಬೇಕು? ನಾನು ಅದನ್ನು ಕೇಳಿದ್ದೇನೆ. ಹಾಡಹಗಲಲ್ಲಿ, ಭದ್ರಾವತಿಯ ಒಂದು ಕ್ವಾರ್ಟರ್ಸ್ ಜಗಲಿಯಲ್ಲಿ, ನನ್ನದೇ ಬಾಯಿಂದ.

ಅವರು ನನಗೆ ವಾದ ಕಲಿಸಿದ ಮೇಷ್ಟ್ರು. ಭದ್ರಾವತಿಯಲ್ಲಿ ವಕೀಲಿಕೆ ಮಾಡುತ್ತಿದ್ದರು, ವಾರಕ್ಕೆರಡು ದಿನ ಬಸ್ಸು ಹತ್ತಿ ಶಿವಮೊಗ್ಗದ ನಮ್ಮ ಲಾ ಕಾಲೇಜಿಗೆ ಪಾಠಕ್ಕೆ ಬರುತ್ತಿದ್ದರು. ಚರ್ಚಾಸ್ಪರ್ಧೆಗೆ ಹೊರಟ ನಮ್ಮನ್ನು ಕಾರಿಡಾರಿನಲ್ಲಿ ನಿಲ್ಲಿಸಿ ತಯಾರು ಮಾಡುತ್ತಿದ್ದವರು ಅವರೇ. ನಾನು ಮೊದಲ ಸಲ ಅವರ ಮುಂದೆ ನಿಂತು ನನ್ನ ವಾದವನ್ನು ಜೋರಾಗಿ ಶುರು ಮಾಡಿದಾಗ ಅರ್ಧಕ್ಕೇ ಕೈ ಎತ್ತಿದರು.

"ನಿನ್ನ ಮಾತು ಆಮೇಲೆ ಮಾರಾಯ್ತಿ. ಮೊದಲು ಅವನ ಮಾತು ಹೇಳು. ಎದುರಿಗೆ ಕೂತೋನು, ಹೌದು ನಾನು ಹೇಳ್ಬೇಕು ಅಂತಿದ್ದಿದ್ದು ಇದೇ ಅಂತ ತಲೆ ಆಡಿಸ್ಬೇಕು."

"ಅವನು ತಲೆ ಆಡಿಸಿದ್ರೆ ನಾನು ಸೋತ ಹಾಗಲ್ವಾ ಸರ್?"

"ಆಡಿಸದೇ ಇದ್ರೆ ನೀನು ವಾದ ಮಾಡಿದ್ದು ಯಾರ ಹತ್ರ? ಗದ್ದೇಲಿರೋ ಬೆರ್ಚಪ್ಪನ ಹತ್ರ. ಬೆರ್ಚಪ್ಪನ್ನ ಗೆದ್ದೆ ಅಂತ ಕಪ್ ತಗೊಂಡು ಬರ್ತೀಯಾ?"

ಅವರ ತಂದೆ ಸಂಸ್ಕೃತ ಶಾಸ್ತ್ರ ಓದಿಸುತ್ತಿದ್ದವರು. ಶಾಸ್ತ್ರದ ಪದ್ಧತಿಯಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿ ಏನೆನ್ನುತ್ತಾನೆ ಎಂಬುದು. ಆಮೇಲೆ ಸಿದ್ಧಾಂತ, ಅಂದರೆ ನಾನು ಏನೆನ್ನುತ್ತೇನೆ ಎಂಬುದು. ಮೇಷ್ಟ್ರು ಆ ಪದ್ಧತಿಯನ್ನು ತಂದೆಯಿಂದ ತಂದು ಕಾಲೇಜಿನ ಕಾನೂನು ಪತ್ರಿಕೆಗೆ ಹಾಕಿದ್ದರು. ಪತ್ರಿಕೆ ಶುರು ಮಾಡಿದವರಲ್ಲಿ ಅವರೂ ಒಬ್ಬರು. ಆಗ ಅದು ಅಪ್ಪಟ ಕನ್ನಡದ ತ್ರೈಮಾಸಿಕ. ಭದ್ರಾವತಿಯ ಸಣ್ಣ ಪ್ರೆಸ್ಸೊಂದರಲ್ಲಿ ಸೀಸದ ಅಕ್ಷರಮೊಳೆ ಜೋಡಿಸಿ ಅಚ್ಚಾಗುತ್ತಿತ್ತು. ಪ್ರತಿ ಲೇಖಕನೂ ಮೊದಲು ತನ್ನ ಎದುರಾಳಿಯ ವಾದವನ್ನು ತಾನೇ ಪೂರ್ತಿ ಬರೆಯಬೇಕು. ಅದು ಸಣ್ಣ ಅಕ್ಷರದಲ್ಲಿ. ಅವನ ಸ್ವಂತ ವಾದ ದಪ್ಪ ಅಕ್ಷರದಲ್ಲಿ. ಎದುರಾಳಿಗೆ ಸಣ್ಣಕ್ಷರ ಯಾಕೆ, ಅವಮಾನ ಅಲ್ವಾ ಎಂದು ನಾನು ಒಮ್ಮೆ ಕೇಳಿದ್ದೆ. "ಅವನಿಗೆ ಹೇಳೋಕೆ ಜಾಸ್ತಿ ಇರುತ್ತೆ. ಕಾಗದ ಕಮ್ಮಿ. ಸಣ್ಣಕ್ಷರ ಆದ್ರೆ ಜಾಸ್ತಿ ಹಿಡಿಯುತ್ತೆ" ಎಂದಿದ್ದರು. ಸಂಚಿಕೆ ಬಂದ ದಿನ ಕಾಲೇಜಿನ ಹಾಲಿನಲ್ಲಿ ಒಬ್ಬರು ಸಣ್ಣಕ್ಷರ ಓದುವುದು, ಬೇರೊಬ್ಬರು ಎದ್ದು ದಪ್ಪಕ್ಷರ ಓದುವುದು. ಅದೇ ಬಿಡುಗಡೆ. ಆಮೇಲೆ ಕಾಫಿ.

ನಾನು ಓದು ಮುಗಿಸಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ, ಅದೇ ಪತ್ರಿಕೆಗೆ ಸಹಾಯಕ ಸಂಪಾದಕಿಯಾಗಿ ಬರುವ ಹೊತ್ತಿಗೆ ಆ ಪತ್ರಿಕೆ ಉಳಿದಿರಲಿಲ್ಲ. ಹೆಸರು ಮಾತ್ರ ಇತ್ತು, ಅದೂ ಇಂಗ್ಲಿಷಿಗೆ ತಿರುಗಿ. ಮೊಳೆ ಹೋಗಿ ಆಫ್‌ಸೆಟ್ ಬಂತು, ಮುಖಪುಟಕ್ಕೆ ಬಣ್ಣ ಬಂತು. ಮೊದಲು ಅರ್ಧ ಇಂಗ್ಲಿಷ್, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಲೇಖನಗಳನ್ನು ಹೆಸರು ಮುಚ್ಚಿ ಹೊರಗಿನ ಪರಿಣತರಿಗೆ ಕಳಿಸುವ ಕ್ರಮ ಬಂತು. ಅವರಲ್ಲೊಬ್ಬರು ಪೂರ್ವಪಕ್ಷ ಓದಿ, "ಲೇಖಕರು ತಮ್ಮನ್ನು ತಾವೇ ವಿರೋಧಿಸಿಕೊಳ್ಳುತ್ತಿದ್ದಾರೆ, ಈ ಭಾಗ ತೆಗೆಯಿರಿ" ಎಂದು ಬರೆದರು. ತೆಗೆದರು. ಮುಂದಿನ ಲೇಖಕರು ಬರೆಯುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ಹೀಗೆ, ಯಾರೂ ಕೊಲ್ಲಬೇಕೆಂದು ನಿರ್ಧರಿಸದೆ, ಎದುರಾಳಿ ಪತ್ರಿಕೆಯಿಂದ ಸತ್ತುಹೋದ.

ಮೇಷ್ಟ್ರೂ ತೀರಿಕೊಂಡರು. ಅವರು ಹೋದ ಮೇಲೆ, ನಾನು ಕೆಲಸಕ್ಕೆ ಸೇರುವ ಮುಂಚೆ, ಹಳೆಯ ಸಂಚಿಕೆಗಳನ್ನೆಲ್ಲ ಹೊರಗಿನ ಏಜೆನ್ಸಿಯೊಂದಕ್ಕೆ ಕೊಟ್ಟು ಟೈಪ್ ಮಾಡಿಸಿ ವೆಬ್‌ಸೈಟಿಗೆ ಹಾಕಿಸಿದ್ದರು. ಪ್ರತಿ ಲೇಖನದ ತಲೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾರಾಂಶ; ಅದನ್ನು ಯಾವುದೋ ಸಾಫ್ಟ್‌ವೇರ್ ಬರೆದದ್ದು. ಟೈಪ್ ಮಾಡಿದವರಿಗೆ ಪೂರ್ವಪಕ್ಷ ಗೊತ್ತಿಲ್ಲ, ಸಾಫ್ಟ್‌ವೇರಿಗೂ ಗೊತ್ತಿಲ್ಲ. ಎಲ್ಲ ಅಕ್ಷರಗಳೂ ಒಂದೇ ಅಳತೆಗೆ ಬಂದವು.

ಇದರಿಂದ ಏನಾಯಿತೆಂದು ನನಗೆ ಗೊತ್ತಾದದ್ದು ಮೇಷ್ಟ್ರ ಹೆಂಡತಿ ಕಾಲೇಜಿಗೆ ಬಂದ ದಿನ. ಅವರು ಭದ್ರಾವತಿಯ ಒಂದು ಕಾರ್ಖಾನೆಯ ಶಾಲೆಯಲ್ಲಿ ಟೀಚರಾಗಿದ್ದವರು. ಆ ಕೆಲಸಕ್ಕೆ ಸಿಕ್ಕ ಕ್ವಾರ್ಟರ್ಸಿನಲ್ಲೇ ಇಬ್ಬರೂ ಬದುಕಿದ್ದು, ಈಗ ಅವರೊಬ್ಬರೇ ಇರುವುದು. ಯಾವ ಕಾರ್ಖಾನೆ ಎನ್ನುವುದು ಇಲ್ಲಿ ಬೇಡ. ಅದು ನಿಂತುಹೋಗಿದೆ, ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಆ ಬೀದಿಯವರಿಗೆಲ್ಲ ನೋಟಿಸ್ ಬಂದಿದೆ. ಬದುಕಿದ್ದಷ್ಟು ದಿನ ಆ ಬೀದಿಯ ಪರವಾಗಿ ಓಡಾಡಿದ ವಕೀಲರು ನಮ್ಮ ಮೇಷ್ಟ್ರೇ.

ಅವರು ನನ್ನ ಮೇಜಿನ ಎದುರು ಕೂತು, ತಂದಿದ್ದ ನೀರಿನ ಬಾಟಲಿ ಪಕ್ಕಕ್ಕಿಟ್ಟು, ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಮೊನ್ನೆ ನಮ್ಮ ಕ್ವಾರ್ಟರ್ಸ್ ವಿಚಾರಣೆ ಇತ್ತಮ್ಮ. ಆ ಕಡೆ ವಕೀಲ, ನಿನ್ನ ವಯಸ್ಸಿನ ಹುಡುಗ, ಫೋನ್ ನೋಡ್ಕೊಂಡು ಓದಿದ. ಇವರ ವಕೀಲರೇ ಹೀಗೆ ಬರೆದಿದ್ದಾರೆ, ನಾವೇನು ಹೇಳೋದು ಅಂದ. ನಿಮ್ಮ ಪತ್ರಿಕೇಲಿದೆ ಅಂದ. ಇದೆಯಾ?"

ಹುಡುಕಿದೆ. ಇತ್ತು. ಮೇಷ್ಟ್ರ ಹೆಸರು, ಅದರ ಕೆಳಗೆ ಇಂಗ್ಲಿಷ್ ಸಾರಾಂಶ: ಉದ್ಯೋಗ ಮುಗಿದೊಡನೆ ವಸತಿಯ ಹಕ್ಕೂ ಮುಗಿಯುತ್ತದೆ ಎಂದು ಲೇಖಕರು ವಾದಿಸುತ್ತಾರೆ. ಅದರ ಕೆಳಗೆ ಕನ್ನಡ: "ಮನೆಯೆಂಬುದು ಕೆಲಸದ ನೆರಳು. ಆಳು ಎದ್ದು ಹೋದ ಮೇಲೆ ನೆರಳು ಮಾತ್ರ ಅಲ್ಲೇ ಕೂತಿರುತ್ತದೆ ಎನ್ನಲಾಗದು. ಕನಿಕರ ದೊಡ್ಡ ಗುಣವೇ ಹೌದು, ಆದರೆ ಕನಿಕರ ಹಕ್ಕುಪತ್ರವಲ್ಲ."

"ಇದು ಅವರದ್ದಾ?" ಎಂದರು.

"ಅವರ ಹೆಸರಿದೆ ಅಮ್ಮ, ಆದರೆ..."

"ಹೆಸರಲ್ಲ ನಾನು ಕೇಳಿದ್ದು."

ಸಣ್ಣಕ್ಷರ, ದಪ್ಪಕ್ಷರ, ಪೂರ್ವಪಕ್ಷ ಎಲ್ಲ ವಿವರಿಸಿದೆ. ಇದು ಎದುರಾಳಿಯ ಮಾತು, ಇವರ ಉತ್ತರ ಕೆಳಗೆ ಇದ್ದೇ ಇರುತ್ತದೆ ಎಂದೆ. ಅವರು ಕೇಳಿಸಿಕೊಂಡರು. ಆಮೇಲೆ ಬೀದಿಯ ವಿಷಯ ಹೇಳಿದರು. ಭಾನುವಾರ ಭಾನುವಾರ ಬೀದಿಯವರೆಲ್ಲ ಸೇರುತ್ತಿದ್ದದ್ದು ಇವರ ಜಗಲಿಯಲ್ಲಿ, ಮೇಷ್ಟ್ರು ಇದ್ದಾಗಿನಿಂದ. ಪ್ಲಾಸ್ಟಿಕ್ ಕುರ್ಚಿಗಳು ಅಲ್ಲೇ ಇರುತ್ತಿದ್ದವು. ವಿಚಾರಣೆ ಮುಗಿದ ಮಾರನೆ ದಿನ ಎದುರುಮನೆಯವರು ಬಂದು, ಕಾರಣ ಹೇಳದೆ, ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಕೊಂಡು ಹೋದರಂತೆ. ಈಗ ವಾಟರ್ ಟ್ಯಾಂಕಿನ ಕೆಳಗೆ ಸೇರುತ್ತಾರಂತೆ.

"ಬೈದಿದ್ರೆ ತಡ್ಕೋಬಹುದಿತ್ತು. ಟೀಚರಮ್ಮ ಸ್ವಲ್ಪ ಏಳಿ ಅಂತ ನಾನು ಕೂತಿದ್ದ ಕುರ್ಚೀನೂ ಕೇಳಿ ತಗೊಂಡು ಹೋದ್ರು."

ಇದನ್ನು ಹೇಳುವಾಗ ನಕ್ಕರು. ನನಗೆ ನಗು ಬರಲಿಲ್ಲ. ತಿದ್ದಿಸುತ್ತೇನೆ ಎಂದು ಮಾತು ಕೊಟ್ಟೆ. ಅವರು ತಿದ್ದಿಸು ಎಂದು ಕೇಳಿರಲಿಲ್ಲ ಎನ್ನುವುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮಾರನೆ ದಿನ ಲೈಬ್ರರಿಯಲ್ಲಿ ಹಳೆಯ ಸಂಪುಟ ತೆಗೆಸಿದೆ. ಸಿಕ್ಕಿತು. ಸಣ್ಣಕ್ಷರ ಸಣ್ಣಕ್ಷರವಾಗಿಯೇ, ದಪ್ಪಕ್ಷರ ದಪ್ಪವಾಗಿಯೇ ಇದ್ದವು. ಮೊಳೆಯ ಅಚ್ಚು ಕಾಗದದ ಹಿಂಬದಿಯಲ್ಲಿ ಬೆರಳಿಗೆ ತಾಗುತ್ತಿತ್ತು. ಕೇಸು ಗೆದ್ದಂತೆ ಕೂತು ಓದತೊಡಗಿದೆ.

ಸಣ್ಣಕ್ಷರ ಮುಗಿಯಲೇ ಇಲ್ಲ. ಪುಟದ ಮೇಲೆ ಪುಟ. ಎಂಥಾ ವಾದ ಅದು. ಒಂದೊಂದು ಆಕ್ಷೇಪವನ್ನೂ ತಾನೇ ಊಹಿಸಿ, ತಾನೇ ಬಾಗಿಲು ಹಾಕುತ್ತಾ ಹೋಗುತ್ತದೆ. ಈ ಕೆಲಸಗಾರನಿಗೆ ಮನೆ ಬಿಟ್ಟುಕೊಟ್ಟರೆ ನಾಳೆ ಬರುವ ಕೆಲಸಗಾರ ಎಲ್ಲಿ ಇರಬೇಕು ಎಂದು ಕೇಳುತ್ತದೆ. ಬಹಳ ದಿನ ಇದ್ದದ್ದೇ ಹಕ್ಕಾಗುವುದಾದರೆ ಬಹಳ ದಿನ ಸುಮ್ಮನಿದ್ದ ಒಳ್ಳೆಯತನಕ್ಕೆ ಇದೇನಾ ಶಿಕ್ಷೆ ಎಂದು ಕೇಳುತ್ತದೆ. ನಾನು ತಲೆ ಆಡಿಸಿದೆ. ಆಮೇಲೆ ದಪ್ಪಕ್ಷರ ಬಂತು. ಒಂದು ಹಾಳೆಯೂ ತುಂಬಿರಲಿಲ್ಲ. ಕೊನೆಯಲ್ಲಿ, "ವಿಸ್ತಾರ ಮುಂದಿನ ಸಂಚಿಕೆಯಲ್ಲಿ" ಎಂದಿತ್ತು. ಮುಂದಿನ ಸಂಚಿಕೆ ತೆಗೆದೆ. ಅದರ ಮುಂದಿನದು, ಅದರ ಮುಂದಿನದು. ವಿಸ್ತಾರ ಬರಲೇ ಇಲ್ಲ.

ಲೈಬ್ರರಿಯ ಫ್ಯಾನು ಕಟಕಟ ಎನ್ನುತ್ತಿತ್ತು. ಪಕ್ಕದಲ್ಲಿ ಯಾರೋ ನಿಂತು, "ಈಗ ಹೇಳು ನಿನ್ನ ಮಾತು" ಎಂದ ಹಾಗೆ. ಯಾರೂ ಇರಲಿಲ್ಲ, ಬರೆದಿಟ್ಟುಕೊಳ್ಳಿ. ಆದರೆ ನಾನು ಒಮ್ಮೆ ತಿರುಗಿ ನೋಡಿದ್ದೂ ನಿಜ.

ಪ್ರಧಾನ ಸಂಪಾದಕರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಪತ್ರಿಕೆ ಮಾನ್ಯತೆಯ ಪಟ್ಟಿಯಿಂದ ಬಿದ್ದುಹೋದರೆ ಕಾಲೇಜಿನ ಅರ್ಧ ಜನರ ಬಡ್ತಿ ನಿಲ್ಲುತ್ತದೆಂದು ನಿದ್ದೆಗೆಟ್ಟು ಅದನ್ನು ಉಳಿಸಿಕೊಂಡು ಬಂದವರು.

"ಏನಮ್ಮ, ಮುಖ ಕೋರ್ಟ್‌ಗೆ ಹೊರಟ ಹಾಗಿದೆ," ಎಂದರು.

ಹೇಳಿದೆ. ಸಂಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡೂ ಅಕ್ಷರಗಳನ್ನು ನೋಡಿದರು.

"ಒಪ್ಪಿದೆ. ಆದ್ರೆ ಹಾಕಿದ್ದನ್ನ ತಿದ್ದೋಕಾಗಲ್ಲ. ಇವತ್ತು ನೀನು ಬಂದೆ, ಒಳ್ಳೇ ಕಾರಣಕ್ಕೆ ತಿದ್ದಿದೆ. ನಾಳೆ ಇನ್ನೊಬ್ರು ಬರ್ತಾರೆ, ನಮ್ಮಪ್ಪ ಬರೆದಿದ್ದು ಹಾಗಲ್ಲ ಸರ್ ಅಂತ. ತಿದ್ದಿದ ಹಳೇ ಸಂಚಿಕೆ ಹಳೇ ಸಂಚಿಕೆ ಹೇಗಾಗುತ್ತೆ?"

"ಈಗಿರೋದೇ ತಿದ್ದಿದ್ದು ಸರ್. ಅಕ್ಷರ ಒಂದೇ ಮಾಡಿದ್ದು ತಿದ್ದುಪಡಿ ಅಲ್ವಾ? ಮೂಲ ಇಲ್ಲಿದೆ, ನಿಮ್ಮ ಕೈಯಲ್ಲಿ."

"ಅದ್ಸರಿ, ಓದೋರಿಗೆ ಅಷ್ಟು ಗೊತ್ತಾಗಲ್ವಾ? ಕೆಳಗೆ ಉತ್ತರ ಇದೆಯಲ್ಲ."

"ಸಾರಾಂಶದಿಂದ ಕೆಳಗೆ ಹೋಗಿ ಓದಿದವರನ್ನ ನೀವು ಎಷ್ಟು ಜನ ನೋಡಿದ್ದೀರಿ ಸರ್?"

ಅವರು ನಕ್ಕರು. "ನಿನ್ನ ಮೇಷ್ಟ್ರೂ ಹೀಗೇ ಪ್ರಾಣ ತಿಂತಿದ್ರು," ಎಂದು ಹೇಳಿ ಸ್ವಲ್ಪ ಹೊತ್ತು ಪುಟ ತಿರುವಿದರು. ಆಮೇಲೆ ಹೇಳಿದ್ದು ಇದು: ತಿದ್ದುವುದಿಲ್ಲ, ಪಕ್ಕದಲ್ಲಿ ಇಡುತ್ತೇನೆ. ಮೂಲ ಪುಟಗಳ ಚಿತ್ರ ಹಾಕಿಸುತ್ತೇನೆ, ಸಾಫ್ಟ್‌ವೇರ್ ಬರೆದ ಸಾರಾಂಶ ತೆಗೆಸುತ್ತೇನೆ, ಮೊದಲ ಭಾಗ ಎದುರುಪಕ್ಷದ್ದು ಎಂದು ಮೇಲೊಂದು ಸಾಲು ಬರೆಸುತ್ತೇನೆ. ಅಷ್ಟು ಸಿಕ್ಕಿತು. ಏಳುವಾಗ ಅವರು ಕೇಳಿದರು:

"ಒಂದು ಮಾತು. ಸಣ್ಣಕ್ಷರ ಇಷ್ಟುದ್ದ, ದಪ್ಪಕ್ಷರ ಇಷ್ಟೇ. ಮನುಷ್ಯ ನಿಜವಾಗ್ಲೂ ಯಾವ ಕಡೆ ಇದ್ರು ಅಂತೀಯ?"

"ಬೀದಿ ಕಡೆ ಸರ್," ಎಂದೆ. ತಡಮಾಡದೆ ಹೇಳಿದೆ. ಚರ್ಚಾಸ್ಪರ್ಧೆಯಲ್ಲಿ ಉತ್ತರ ಇಲ್ಲದಿದ್ದಾಗಲೇ ನಾವು ತಡಮಾಡದೆ ಹೇಳುವುದು.

ವೆಬ್‌ಸೈಟು ಸರಿಯಾದರೆ ಬೀದಿ ಸರಿಯಾಗುವುದಿಲ್ಲ. ಆ ಬೀದಿಯವರು ನಮ್ಮ ವೆಬ್‌ಸೈಟು ತೆರೆದು ಕೂರುವವರಲ್ಲ. ಹಾಗಾಗಿ ಹಳೆಯ ಕ್ರಮವೇ ಸರಿ ಎನಿಸಿತು: ಗಟ್ಟಿಯಾಗಿ ಓದುವುದು. ಎರಡೂ ಭಾಗ ಜೆರಾಕ್ಸ್ ಮಾಡಿಸಿಕೊಂಡು ಒಂದು ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ. ಮೇಷ್ಟ್ರ ಹೆಂಡತಿ ಎದುರುಮನೆಗೆ ಹೋಗಿ ಕರೆದುಬಂದಿದ್ದರು. ಎದುರುಮನೆಯವರು ಕಾರ್ಖಾನೆಯಲ್ಲಿ ಕಾದ ಲೋಹವನ್ನು ಅಚ್ಚಿಗೆ ಹೊಯ್ಯುತ್ತಿದ್ದ ಹಿರಿಯರು, ಮನೆಮಾತು ತಮಿಳು. ಅವರ ಹಿಂದೆ ಬೀದಿಯ ಏಳೆಂಟು ಜನ ಬಂದರು. ಕೂರಲಿಲ್ಲ. ಕುರ್ಚಿ ಇರಲಿಲ್ಲ. ಜಗಲಿಯ ಕೆಳಗೆ, ಬಿಸಿಲಲ್ಲಿ ನಿಂತರು.

ನನ್ನನ್ನು ಕಂಬದ ಎದುರು ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಕಂಬಕ್ಕೆ ಮೊಳೆ ಹೊಡೆದು ಅಂಗೈ ಅಗಲದ ಕನ್ನಡಿ ನೇತುಹಾಕಿತ್ತು. ಮೇಷ್ಟ್ರು ಗಡ್ಡ ಹೆರೆದುಕೊಳ್ಳುತ್ತಿದ್ದ ಕನ್ನಡಿ. ಅದರಲ್ಲಿ ನನ್ನ ಬಾಯಿ ಮಾತ್ರ ಕಾಣುತ್ತಿತ್ತು.

"ಇದು ಎದುರು ಪಕ್ಷದವರ ಮಾತು," ಎಂದು ಮೊದಲೇ ಹೇಳಿ ಓದತೊಡಗಿದೆ. ನೆರಳಿನ ಸಾಲು ಬಂದಾಗ ಎದುರುಮನೆಯವರು ತಡೆದರು.

"ಸ್ವಲ್ಪ ನಿಲ್ಸಮ್ಮ. ನೆರಳು ಅಂತೀಯಲ್ಲ, ಆ ಸೀಬೆ ಮರ ನೋಡು. ನಾನು ನೆಟ್ಟಿದ್ದು. ಅದರ ನೆರಳು ಯಾರ್ದು?"

"ಇದು ಮೇಷ್ಟ್ರ ಮಾತಲ್ಲ ಸರ್. ಅವರು ಎದುರಾಳಿ ಪರವಾಗಿ..."

"ಅರ್ಥ ಆಯ್ತಮ್ಮ. ಆದ್ರೂ ಕೋಪ ಬರುತ್ತಲ್ಲ, ಏನ್ ಮಾಡೋದು. ಓದು, ಓದು."

ಓದಿದೆ. ಪುಟ ಹೋದ ಹಾಗೆ ಯಾರೂ ತಡೆಯಲಿಲ್ಲ. ಆ ವಾಕ್ಯಗಳಿಗೆ ಒಂದು ನಡಿಗೆ ಇತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು ಎನ್ನುವುದನ್ನು ಅವೇ ಹೇಳುತ್ತಿದ್ದವು. ನನ್ನ ದನಿ ತಗ್ಗಿತು. ಕೊನೆಯ ಪದವನ್ನು ಸ್ವಲ್ಪ ಎಳೆದು ಬಿಡುವುದು ಮೇಷ್ಟ್ರ ರೂಢಿ. ನಾನು ಎಳೆದು ಬಿಡುತ್ತಿದ್ದೆ. ಕನ್ನಡಿಯಲ್ಲಿ ಆ ಬಾಯಿ ನನ್ನದೇ, ಆದರೆ ಹೊರಗೆ ಬರುತ್ತಿದ್ದದ್ದು ನಾನು ಕಾರಿಡಾರಿನಲ್ಲಿ ಕೇಳುತ್ತಿದ್ದ ದನಿ. ಬೀದಿಯವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಮೇಷ್ಟ್ರ ಹೆಂಡತಿ ಮಾತ್ರ ಕನ್ನಡಿಯನ್ನೇ ನೋಡುತ್ತಿದ್ದರು.

ದಪ್ಪಕ್ಷರ ಓದಲು ಬೇರೊಬ್ಬರು ಬೇಕಲ್ಲ. ಮೇಷ್ಟ್ರ ಹೆಂಡತಿಯೇ ಕೈ ಚಾಚಿದರು. ಪಾಠ ಓದುವ ಹಾಗೆ, ಒಂದೊಂದು ಪದವನ್ನೂ ಬಿಡಿಸಿ ಓದಿದರು.

"ಎಬ್ಬಿಸುವ ಅಧಿಕಾರ ಇರುವವನಿಗೆ, ನಾವು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಹೊಣೆಯೂ ಇದೆ. ಕೇಳಿಸಿಕೊಳ್ಳದೆ ಎಬ್ಬಿಸಿದರೆ ಅದು ಕಾನೂನಿನ ಉಡುಪು ತೊಟ್ಟ ಬಲಾತ್ಕಾರ."

ಇನ್ನೂ ಕೆಲವು ಸಾಲು, ಅಷ್ಟೇ. ಮುಗಿಯಿತು. ಎದುರುಮನೆಯವರು ಜೆರಾಕ್ಸ್ ಹಾಳೆಗಳನ್ನು ಈಸಿಕೊಂಡು ಸಣ್ಣಕ್ಷರದ ಮೇಲೂ ದಪ್ಪಕ್ಷರದ ಮೇಲೂ ಹೆಬ್ಬೆರಳು ಎಳೆದು ನೋಡಿದರು.

"ವಕೀಲರು ಶತ್ರು ಕತ್ತೀನೂ ತಾವೇ ಮಸೆದು ಕೊಟ್ಟಿದ್ದಾರೆ," ಎಂದರು. "ಒಳ್ಳೇ ಆಳು. ನಮಗೆ ಮೊದಲೇ ಹೇಳ್ಬಾರ್ದಿತ್ತಾ." ಆಮೇಲೆ ಹಿಂದೆ ತಿರುಗಿ ತಮಿಳಿನಲ್ಲಿ ಏನೋ ಹೇಳಿದರು. ಇಬ್ಬರು ಟ್ಯಾಂಕಿನ ಕಡೆ ಹೋಗಿ ಕುರ್ಚಿಗಳನ್ನು ತಂದರು. ಮೊದಲ ಕುರ್ಚಿಯನ್ನು ಅವರು ಟವೆಲಿನಿಂದ ಒರೆಸಿ ಮೇಷ್ಟ್ರ ಹೆಂಡತಿಯ ಹಿಂದೆ ಇಟ್ಟರು. "ಟೀಚರಮ್ಮ, ಕೂತ್ಕೊಳ್ಳಿ. ನಿಮ್ಮನ್ನ ಎಬ್ಬಿಸಿದ್ದು ತಪ್ಪಾಯ್ತು."

ನಾನು ಅಲ್ಲಿಗೇ ಬಸ್ಸು ಹಿಡಿದಿದ್ದರೆ ಚೆನ್ನಾಗಿತ್ತು. ಮೇಷ್ಟ್ರ ಹೆಂಡತಿ ಊಟ ಮಾಡಿಸದೆ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಸಾರು ಬಡಿಸುತ್ತಾ ಅವರು ಹೇಳಿದರು:

"ಅವತ್ತು ಆ ಹುಡುಗ ಓದಿದಾಗ ನನಗೆ ಅನುಮಾನ ಬರಲಿಲ್ಲ ಕಣೇ. ಇದು ಇವರದ್ದೇ ಅಂತ ಗೊತ್ತಾಯ್ತು. ದಿನಾ ಕೇಳಿದ ಮಾತು."

"ಎಲ್ಲಿ ಕೇಳಿದ್ರಿ?"

"ಆ ಕನ್ನಡಿ ಮುಂದೆ. ಗಡ್ಡಕ್ಕೆ ಸೋಪು ಹಚ್ಕೊಂಡು ಇದನ್ನೇ ಹೇಳೋರು. ನೆರಳು, ಕನಿಕರ, ಹಕ್ಕುಪತ್ರ. ಒಳಗೆ ದೋಸೆ ಹುಯ್ತಾ ಕೇಳಿಸ್ಕೊಂಡು ಕೇಳಿಸ್ಕೊಂಡು ನನಗೆ ಬಾಯಿಪಾಠ ಆಗಿತ್ತು. ಇವತ್ತು ನಾನು ಓದಿದೆನಲ್ಲ, ಆ ಉತ್ತರ, ಅದನ್ನ ಒಂದು ದಿನಾನೂ ಕೇಳಿರಲಿಲ್ಲ."

ತುತ್ತು ಕೈಯಲ್ಲೇ ಉಳಿಯಿತು. ಅವರು ಕಾಲೇಜಿಗೆ ಬಂದದ್ದು ತಿದ್ದಿಸಲು ಅಲ್ಲ, ತಿಳಿಯಲು. ನಾನು ಬೀದಿಗೆ ಉತ್ತರ ಕೊಟ್ಟು, ಕೇಳಿದವರಿಗೆ ಕೊಟ್ಟಿರಲಿಲ್ಲ.

"ಅದು ಅಭ್ಯಾಸ ಅಮ್ಮ," ಎಂದೆ. "ನಮಗೂ ಹಾಗೇ ಮಾಡಿಸ್ತಿದ್ರು. ಎದುರಾಳಿ ಮಾತನ್ನೇ ಅಭ್ಯಾಸ ಮಾಡಬೇಕು, ನಮ್ಮ ಮಾತು ನಮ್ಮೊಳಗೇ ಇರುತ್ತೆ, ಅದಕ್ಕೆ ಅಭ್ಯಾಸ ಬೇಡ. ಅದೂ ಅಲ್ಲದೆ ಇದು ಅವರದೇ ಮನೆ ವಿಷಯ. ಸ್ವಂತ ಲಾಭ ಇರೋ ಕಡೆ ಎದುರಾಳಿಗೆ ಜಾಸ್ತಿ ನ್ಯಾಯ ಮಾಡ್ಬೇಕು ಅಂತ ಅನಿಸಿರುತ್ತೆ."

ಒಳ್ಳೆಯ ವಾದ. ಈಗಲೂ ಅದರಲ್ಲಿ ನನಗೆ ದೋಷ ಕಾಣುವುದಿಲ್ಲ. ಅವರು ಅನ್ನದ ಪಾತ್ರೆಗೆ ಮುಚ್ಚಳ ಹಾಕಿದರು.

"ಇರಬಹುದು. ಇಲ್ಲಾ, ಅವರಿಗೆ ಅದಕ್ಕೆ ಉತ್ತರ ಸಿಕ್ಕಿರಲಿಲ್ಲ. ದಿನಾ ಬೆಳಿಗ್ಗೆ ಆ ಎದುರಾಳೀನ ಕರೆದು ನಿಲ್ಲಿಸ್ಕೊಂಡು, ಏನೂ ಹೇಳೋಕಾಗ್ದೆ ಮುಖ ತೊಳ್ಕೊಂಡು ಕೋರ್ಟ್‌ಗೆ ಹೋಗ್ತಿದ್ರು. ನಮ್ಮ ಪರವಾಗಿ ವಾದ ಮಾಡೋಕೆ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಅವರೇ ಮುಂದುವರಿಸಿದರು. "ವಿಸ್ತಾರ ಮುಂದಿನ ಸಂಚಿಕೆಯಲ್ಲಿ ಅಂತ ಇದೆಯಲ್ಲ. ಅದನ್ನ ನೀನು ಬರಿ. ವಿಚಾರಣೆ ಇನ್ನೂ ಮುಗಿದಿಲ್ಲ, ಬೀದಿಗೆ ಬೇಕಾಗುತ್ತೆ. ಆ ಕನ್ನಡಿ ತೆಗೀಬೇಕು ಅಂತಿದ್ದೆ. ಬರೆದ ದಿನ ತೆಗೀತೀನಿ."

ಒಪ್ಪಿಕೊಂಡು ಬಂದೆ. ಪತ್ರಿಕೆಯ ಮುಂದಿನ ಸಂಚಿಕೆಗೆ ಕನ್ನಡದ ಲೇಖನವೊಂದನ್ನು ಹಾಕಲು ಪ್ರಧಾನ ಸಂಪಾದಕರು ಗೊಣಗಿಯಾದರೂ ಜಾಗ ಬಿಟ್ಟಿದ್ದಾರೆ, ಸಣ್ಣಕ್ಷರಕ್ಕೂ ಒಪ್ಪಿದ್ದಾರೆ. ನಮ್ಮ ವೆಬ್‌ಸೈಟಿನಲ್ಲಿ ಸಾರಾಂಶ ಹೋಗಿದೆ. ಬೇರೆಲ್ಲೋ ನಕಲಾಗಿ ಕೂತದ್ದು ಹೋಗಿಲ್ಲ. ಹುಡುಕಿದರೆ ಮೇಷ್ಟ್ರು ಈಗಲೂ ಮನೆಯೆಂಬುದು ಕೆಲಸದ ನೆರಳು ಎನ್ನುತ್ತಲೇ ಇದ್ದಾರೆ. ಬೀದಿಯ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇದೆ. ನಾನು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಉತ್ತರದ ಮೊದಲ ವಾಕ್ಯವನ್ನು ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಅದು ಮುಗಿಯುವ ಮೊದಲೇ, ಕೊನೆಯ ಪದವನ್ನು ಸ್ವಲ್ಪ ಎಳೆದು, ಆಕ್ಷೇಪ ಬರುತ್ತದೆ. ಪ್ರತಿ ಸಲವೂ ನನ್ನ ವಾಕ್ಯಕ್ಕಿಂತ ಚೆನ್ನಾಗಿರುತ್ತದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಯಾರ ಹತ್ರ ಮಾತಾಡ್ತಿದ್ದೀಯೇ?" ಎಂದು ಕೇಳುತ್ತಾಳೆ.

ಯಾರ ಹತ್ರನೂ ಇಲ್ಲ, ಎನ್ನುತ್ತೇನೆ. ಅವಳು ನಂಬುವುದಿಲ್ಲ. ಭಾನುವಾರ ಭದ್ರಾವತಿಗೆ ಹೋದರೆ ಜಗಲಿಯ ತುಂಬ ಕುರ್ಚಿಗಳಿರುತ್ತವೆ, ಕಂಬದಲ್ಲಿ ಕನ್ನಡಿ ಇರುತ್ತದೆ. ನನಗಾಗಿ ಬಿಟ್ಟ ಕುರ್ಚಿ ಅದಕ್ಕೆ ಎದುರಾಗಿಯೇ ಇದೆ. ನಾನು ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡು ಕೂರುತ್ತೇನೆ.